ನಾವು ಉಣ್ಣದ ಮೇಜು

ನನ್ನ ಅಪ್ಪನ ಅಣ್ಣ ಪಾಸ್ಕಲ್ ಬಾಪ್ಪುವಿನ ಹೆಸರನ್ನು ನಮ್ಮ ಇಗರ್ಜಿಯಲ್ಲಿ, ಬಾಗಿಲು ದಾಟಿದ ಕೂಡಲೇ ಬಲಗಡೆಯ ಗೋಡೆಯಲ್ಲಿ, ಬಿಳಿ ಕಲ್ಲಿನ ಮೇಲೆ ಕೆತ್ತಿಸಿ ಇಟ್ಟಿದ್ದಾರೆ. ಈ ಊರಿನ ಮೊದಲ ಪೂಜೆ ನಡೆದದ್ದು ಅವರ ಮನೆಯಲ್ಲಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ಮೊಮ್ಮಕ್ಕಳೇ, ನೀವೆಲ್ಲ ಅದನ್ನು ಓದಿದ್ದೀರಿ. ಕಳೆದ ಹಬ್ಬದ ದಿನ ಅವರ ಮೊಮ್ಮಗ ಮೈಕ್ ಹಿಡಿದು ಅದೇ ಮಾತನ್ನು ಇನ್ನೊಮ್ಮೆ ಹೇಳಿದಾಗ ನೀವೂ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ಸೆರಗಿನೊಳಗೆ ಕೈ ಅಡಗಿಸಿ ಕೂತಿದ್ದೆ. ಎದ್ದು ನಿಂತು ಮಾತಾಡುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಆದರೆ ಊರಿನ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರ ಇನ್ನೂ ಕೈಯಲ್ಲಿ ಉಂಟು. ಅದರಲ್ಲೇ ಬರೆಯುತ್ತಿದ್ದೇನೆ. ನೀವು ಓದಲು ತಡವರಿಸಿದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ನಿಮ್ಮ ಅಜ್ಜ ಬದುಕಿದ್ದರೆ ಈ ಹಾಳೆಗಳನ್ನು ಕಸಿದುಕೊಂಡು, "ಸತ್ತವರ ಮೇಲೆ ಎಂತ ಹಗೆ ಮಾರಾಯ್ತಿ" ಅನ್ನುತ್ತಿದ್ದರು. ಸತ್ತವರು ಗೋಡೆಯ ಮೇಲೆ ನಿಂತು ಸುಳ್ಳು ಹೇಳುವುದನ್ನು ನಿಲ್ಲಿಸಲಿ, ಆಮೇಲೆ ನಾನೂ ನಿಲ್ಲಿಸುತ್ತೇನೆ.

ಮಂಗಳೂರಿನ ಕಡೆಯ ಹಳ್ಳಿಯಿಂದ ಅಮ್ಮ, ನಾನು, ನನ್ನ ತಮ್ಮ ಬೊಂಬಾಯಿಗೆ ಬಂದಾಗ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ಅಪ್ಪ ಗೋದಿಯಲ್ಲಿ, ಅಂದರೆ ಬಂದರಿನ ಡಾಕಿನಲ್ಲಿ, ಹಡಗಿನ ಸಾಮಾನು ಇಳಿಸುವ ಕಡೆ ಕೆಲಸಕ್ಕಿದ್ದರು. ಅಂಧೇರಿ ದಾಟಿ, ದಹಿಸರಿಗೆ ಮುಟ್ಟುವ ಮೊದಲು, ಲೋಕಲ್ ಟ್ರೈನು ಮನಸ್ಸಿಲ್ಲದೆ ನಿಲ್ಲುತ್ತಿದ್ದ ಒಂದು ಸ್ಟೇಷನ್ನಿನ ಹಿಂದೆ ನಮ್ಮ ಚಾಳ್, ಒಂದೇ ಮಾಡಿನ ಸಾಲು ಮನೆಗಳು. ಈಗ ಅಲ್ಲಿ ಬಿಲ್ಡಿಂಗುಗಳ ನಡುವೆ ಆಕಾಶ ಹುಡುಕಬೇಕು. ಆಗ ಚಾಳಿನ ಹಿಂದೆಯೇ ಭತ್ತದ ಗದ್ದೆ, ಗದ್ದೆಯ ಆಚೆ ಉಪ್ಪಿನ ಆಗರ. ನಮಗೆ ಎರಡು ಕೋಣೆ. ಒಳಗಿನದರಲ್ಲಿ ಒಲೆ, ನೀರಿನ ಹಂಡೆ, ಅಕ್ಕಿಯ ಡಬ್ಬಿ. ಹೊರಗಿನದರಲ್ಲಿ ಮೇಜು. ಹಲಸಿನ ಮರದ ಆ ಮೇಜನ್ನು ಅಮ್ಮನ ಮದುವೆಗೆ ಅವಳ ಅಪ್ಪ ಮಾಡಿಸಿಕೊಟ್ಟದ್ದು. ನಮ್ಮ ಜೊತೆಗೇ ಮಂಗಳೂರಿನಿಂದ ಹಡಗಿನಲ್ಲಿ ಬಂದಿತ್ತು. ಧಕ್ಕೆಯಲ್ಲಿ ಇಳಿಸುವಾಗ ಒಂದು ಕಾಲಿನ ತುದಿ ಮುರಿದು ಗಿಡ್ಡವಾಯಿತು. ಅಪ್ಪ ಒಂದು ಮರದ ಚಕ್ಕೆ ಕೆತ್ತಿ ಅದರ ಅಡಿಗೆ ಕೊಟ್ಟರು. ರಾತ್ರಿ ನಾನು, ತಮ್ಮ ಆ ಮೇಜಿನ ಅಡಿಯಲ್ಲೇ ಮಲಗುವುದು. ಮತ್ತೆಲ್ಲಿಯೂ ಜಾಗ ಇರಲಿಲ್ಲ. ಇಲ್ಲಿಯ ಇಂಗ್ಲಿಷ್ ಶಾಲೆಗೆ ನನ್ನನ್ನು ಸೇರಿಸಲಿಲ್ಲ. ಕಲಿತದ್ದು ಮರೆತು ಹೋಗಬಾರದೆಂದು ಮೇಜಿನ ಅಡಿಭಾಗಕ್ಕೆ ಇದ್ದಿಲಿನಲ್ಲಿ ಅ ಆ ಇ ಈ ಬರೆದಿದ್ದೆ. ಮಲಗಿಕೊಂಡು ಓದುತ್ತಿದ್ದೆ.

ಪಾಸ್ಕಲ್ ಬಾಪ್ಪುವಿನ ಮನೆ ಅದೇ ಚಾಳಿನ ಇನ್ನೊಂದು ತುದಿಯಲ್ಲಿ. ಅವರಿಗೆ ಮೂರು ಕೋಣೆ, ಒಂದು ರೇಡಿಯೋ, ಮತ್ತು ಇಂಗ್ಲಿಷ್. ಈ ಮೂರರಲ್ಲಿ ಇಂಗ್ಲಿಷೇ ದೊಡ್ಡದು. ಆಗ ನಮ್ಮಲ್ಲಿ ಇಗರ್ಜಿ ಇರಲಿಲ್ಲ. ಪೂಜೆಗೆ ಹೋಗಬೇಕಾದರೆ ಟ್ರೈನು ಹಿಡಿದು ಹೋಗಬೇಕು, ಮುದುಕರಿಗೆ, ಬಸುರಿಯರಿಗೆ ಅದು ಆಗುತ್ತಿರಲಿಲ್ಲ. ಕಡೆಗೆ ಹೊರದೇಶದ ಒಬ್ಬರು ಪಾದ್ರಿಗಳು, ಯಾರಾದರೂ ಒಂದು ಕೋಣೆ ಕೊಟ್ಟರೆ ಆದಿತ್ಯವಾರ ತಾವೇ ಬರುವುದಾಗಿ ಹೇಳಿದರು. ದೊಡ್ಡ ಮನೆ ಬಾಪ್ಪುವಿನದೇ ಆದ್ದರಿಂದ ಎಲ್ಲರೂ ಅವರ ಬಾಗಿಲಿಗೆ ಹೋದರು. ನಾನು ಅಪ್ಪನ ಬೆರಳು ಹಿಡಿದು ಅಲ್ಲೇ ನಿಂತಿದ್ದೆ.

"ಕೊಡ್ಲಿಕ್ಕೆ ನನಗೇನು, ಮನಸ್ಸುಂಟು," ಎಂದರು ಬಾಪ್ಪು. "ಆದರೆ ರೇಡಿಯೋ ಉಂಟಲ್ಲ. ಇಷ್ಟು ಜನ ನುಗ್ಗಿದರೆ ಅದು ಹಾಳಾಗ್ತದೆ."

ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನಮಗೆ ರೇಡಿಯೋ ಇಲ್ಲ. ಇಲ್ಲಿಗೇ ಬರ್ಲಿ."

ಹಾಗೆ ನಮ್ಮ ಹೊರಕೋಣೆ ಇಗರ್ಜಿಯಾಯಿತು, ಆ ಮೇಜು ಬಲಿಪೀಠವಾಯಿತು. ಶನಿವಾರ ಮಧ್ಯಾಹ್ನದಿಂದ ಅಮ್ಮ ನೆಲ ತಿಕ್ಕುತ್ತಿದ್ದಳು, ಗೋಡೆ ಒರೆಸುತ್ತಿದ್ದಳು, ನೀಲಿ ಹಾಕಿ ಒಗೆದ ಬಿಳಿ ಬಟ್ಟೆಯನ್ನು ಎರಡು ಸಲ ಇಸ್ತ್ರಿ ಮಾಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟದ್ದು ಮೀನು. ಒಂದು ಸಣ್ಣ ಮನೆಯಲ್ಲಿ ಶನಿವಾರ ರಾತ್ರಿ ಬಂಗುಡೆ ಕಾಯಿಸಿದರೆ ಆದಿತ್ಯವಾರ ಬೆಳಿಗ್ಗೆ ಪಾದ್ರಿಗಳ ಮೂಗಿಗೆ ದೇವರಿಗಿಂತ ಮೊದಲು ಬಂಗುಡೆ ಬರುತ್ತದೆ. ಆದ್ದರಿಂದ ಶನಿವಾರ ನಮಗೆ ಗಂಜಿ, ಉಪ್ಪಿನಕಾಯಿ. ಗೋದಿಯಲ್ಲಿ ವಾರದ ಬಟವಾಡೆ ಶನಿವಾರವೇ. ಅಂದು ಇಡೀ ಚಾಳಿನಲ್ಲಿ ಮೀನು ಹುರಿಯುವ ವಾಸನೆ. ಬಾಪ್ಪುವಿನ ಮನೆಯಿಂದ ಬೊಂಬಿಲ್ ಮೀನು ಹುರಿಯುವ ಚೊಂಯ್ ಸದ್ದು ನಮ್ಮ ಕಿವಿಗೇ ಬರುತ್ತಿತ್ತು. ತಮ್ಮ ಅಳುತ್ತಿದ್ದ. ನಾನು ಅಳುತ್ತಿರಲಿಲ್ಲ, ಆದರೆ ಲೆಕ್ಕ ಇಟ್ಟುಕೊಳ್ಳಲು ಕಲಿತದ್ದು ಆ ಶನಿವಾರಗಳಲ್ಲೇ ಇರಬೇಕು. ಪೂಜೆ ನಡೆದ ಮೇಜಿನ ಮೇಲೆ ಮತ್ತೆ ಊಟ ಹೇಗೆ ಎಂದು ವಾರದ ಉಳಿದ ದಿನಗಳಲ್ಲೂ ನಾವು ನೆಲದ ಮೇಲೆ ಚಾಪೆ ಹಾಸಿ ಉಣ್ಣುತ್ತಿದ್ದೆವು. ಮನೆಯಲ್ಲಿ ಮೇಜಿದ್ದೂ ನೆಲದಲ್ಲಿ ಉಣ್ಣುವ ಮನೆ ಎಂದು ನೆರೆಯ ಮರಾಠಿ ಹೆಂಗಸರು ನಗುತ್ತಿದ್ದರು. ಪೂಜೆಗೆ ಮೊದಲು ಅಪ್ಪ ಬಗ್ಗಿ ಆ ಚಕ್ಕೆಯನ್ನು ಗಿಡ್ಡ ಕಾಲಿನ ಅಡಿಗೆ ಒತ್ತಿ, ದ್ರಾಕ್ಷಾರಸದ ಪಾತ್ರೆ ಅಲುಗದ ಹಾಗೆ ನೋಡಿಕೊಳ್ಳುತ್ತಿದ್ದರು. ಬಾಪ್ಪು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಇಂಗ್ಲಿಷಿನಲ್ಲಿ ಸ್ವಾಗತ ಮಾಡುತ್ತಿದ್ದರು.

ಅಮ್ಮನ ಬಗ್ಗೆ ಒಂದು ವಿಷಯ ಹೇಳಬೇಕು. ಅವಳು ಗಂಡಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನನ್ನ ನಾಚಿಕೆ ಅವಳಿಂದಲೇ ಬಂದದ್ದು. ಆದರೆ ಸಂಜೆ ತೇರ್ಸ್, ಅಂದರೆ ಜಪಮಾಲೆ, ಹೇಳಿಸುವವಳು ಅವಳೇ. ನಮ್ಮ ಪದ್ಧತಿ ನಿಮಗೆ ಗೊತ್ತುಂಟು: ಜಪಮಾಲೆ ಮುಗಿದ ಮೇಲೆ ಹೇಳಿಸುವವರು ಇಂಥವರ ಆತ್ಮಕ್ಕಾಗಿ, ಇಂಥವರ ಕಾಯಿಲೆಗಾಗಿ ಎಂದು ಒಂದೊಂದು ಬೇಡಿಕೆ ಹೇಳುತ್ತಾರೆ. ಪ್ರತಿ ಬೇಡಿಕೆಗೂ ಎಲ್ಲರೂ ಸೇರಿ ಒಂದು 'ಆಮ್ಚ್ಯಾ ಬಾಪಾ', ಪರಲೋಕದ ತಂದೆಯ ಪ್ರಾರ್ಥನೆ, ಹೇಳಬೇಕು. ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಹೇಳುತ್ತಿರುವುದು ದೇವರಿಗೆ. ಅಮ್ಮ ತನ್ನ ಸಂಸಾರವನ್ನೆಲ್ಲ ನಡೆಸಿದ್ದು ಈ ಬೇಡಿಕೆಗಳಲ್ಲಿ.

"ತೆಂಗಿನೆಣ್ಣೆ ಮುಗಿದದ್ದು ಗೊತ್ತಿದ್ದೂ ಬರಿಗೈಯಲ್ಲಿ ಬಂದವರ ಜ್ಞಾಪಕ ಶಕ್ತಿಗಾಗಿ, ಒಂದು ಆಮ್ಚ್ಯಾ ಬಾಪಾ."

ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದರು. ಮರುದಿನ ಎಣ್ಣೆ ಬರುತ್ತಿತ್ತು. ತಮ್ಮನ ಸುಳ್ಳು, ನನ್ನ ಸೋಮಾರಿತನ, ಎದುರು ಮನೆಯವಳು ತೆಗೆದುಕೊಂಡು ಹೋಗಿ ಕೊಡದ ಒರಳು, ಎಲ್ಲವೂ ದೇವರ ಕಿವಿಗೆ ಹೋಗಿ ನಮ್ಮ ಕಿವಿಗೆ ಮರಳುತ್ತಿತ್ತು. ಕಡೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಹಿರಿಯರ ಮುಂದೆ ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು. ದೊಡ್ಡವರಿಂದ ಶುರುಮಾಡಿ ಒಬ್ಬರನ್ನೂ ಬಿಡದೆ ಕೇಳಬೇಕು. ಬೇಕೆಂದೇ ಒಬ್ಬರನ್ನು ಬಿಟ್ಟರೆ ಅದು ಕೆನ್ನೆಗೆ ಹೊಡೆದ ಹಾಗೆ.

ಗದ್ದೆಯ ಬದಿಯಲ್ಲಿ ಒಬ್ಬ ಮುದುಕಿ ಕೊಟ್ಟ ಜಾಗದಲ್ಲಿ ಇಗರ್ಜಿ ಎದ್ದಿತು. ಗೋಡೆ ಇಟ್ಟಿಗೆಯದು, ಮಾಡು ತಗಡಿನದು. ಒಳಗೆ ಬಲಿಪೀಠ ಇರಲಿಲ್ಲ. ಅದು ಆಗುವ ತನಕ ನಮ್ಮ ಮೇಜನ್ನೇ ಇಡುವುದೆಂದು ಆಯಿತು. ಗಂಡಸರು ಅದನ್ನು ತಲೆಯ ಮೇಲೆ ಹೊತ್ತು ಹೋದರು, ಮುಂದೆ ಬ್ಯಾಂಡು, ಹಿಂದೆ ಮೇಣದ ಬತ್ತಿ ಹಿಡಿದ ಹೆಂಗಸರು. ಅಮ್ಮ ಎಲ್ಲರ ಹಿಂದೆ. ಆ ಮೆರವಣಿಗೆಯಲ್ಲೇ ಬಾಪ್ಪು ಪಾದ್ರಿಗಳ ಪಕ್ಕ ನಡೆಯುತ್ತ, ಬಂದ ದೊಡ್ಡ ಮನುಷ್ಯರಿಗೆಲ್ಲ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ಅವರು ಮೇಜನ್ನು ನೋಡಿ ಬಾಪ್ಪುವಿನ ಕೈ ಕುಲುಕುತ್ತಿದ್ದರು. ಅಪ್ಪನಿಗೆ ಅಷ್ಟಿಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಅವರ ಮುಖ ಕಪ್ಪಾದದ್ದನ್ನು ನಾನು ನೋಡಿದೆ. ಆದರೆ ಅಣ್ಣನ ಎದುರು ನಿಂತು ಅಭ್ಯಾಸವಿರಲಿಲ್ಲ. ಮುಂದಿನ ವರ್ಷ ಬಾಪ್ಪು ತನ್ನ ಕಂಟ್ರಾಕ್ಟರ್ ಸ್ನೇಹಿತರಿಂದ ಕಲ್ಲಿನ ಬಲಿಪೀಠ ಮಾಡಿಸಿದರು. ಅದರ ಜೊತೆಗೇ ಗೋಡೆಗೆ ಆ ಬರಹದ ಕಲ್ಲು ಬಂತು. ಮೇಜು ನಮ್ಮ ಮನೆಗೆ ಬರಲಿಲ್ಲ. ಬಾಗಿಲಲ್ಲಿ ಇಂಗ್ಲಿಷಿನಲ್ಲಿ ಸ್ವಾಗತ ಮಾಡುತ್ತಿದ್ದವರೇ ಯಜಮಾನರೆಂದು ತಿಳಿದಿದ್ದ ಪಾದ್ರಿಗಳಿಗೆ ಅದು ಬಾಪ್ಪುವಿನದು ಎಂದೇ ಗೊತ್ತು, ಆದ್ದರಿಂದ ಅವರ ಮನೆಗೇ ಕಳಿಸಿಬಿಟ್ಟರು.

ಅಮ್ಮ ಎರಡು ಆದಿತ್ಯವಾರ ಕಾದಳು. ಆಮೇಲೆ ನನ್ನನ್ನು ಕರೆದುಕೊಂಡು ಬಾಪ್ಪುವಿನ ಮನೆಗೆ ಹೋದಳು. ಒಳಗೆ ಬಾಪ್ಪು, ಅವರ ಮೂವರು ಸ್ನೇಹಿತರು ಇಸ್ಪೀಟು ಆಡುತ್ತಿದ್ದರು. ನಮ್ಮ ಮೇಜಿನ ಮೇಲೆ. ಬಟ್ಟಲಲ್ಲಿ ಹಂದಿ ಮಾಂಸ, ಬಟ್ಟಲಿನ ಹೊರಗೆ ಎಲುಬು, ಹಲಗೆಯ ಮೇಲೆ ಮಸಾಲೆಯ ಕೆಂಪು ಕಲೆ. ದಾರೂಬಂದಿಯ ಕಾಲ ಅದು, ಸರಕಾರ ಹೆಂಡ ಸಾರಾಯಿ ನಿಲ್ಲಿಸಿತ್ತು. ನಮ್ಮನ್ನು ಕಂಡ ಕೂಡಲೇ ಒಬ್ಬ ಬಾಟ್ಲಿಯನ್ನು ಮೇಜಿನ ಅಡಿಗೆ ಇಳಿಸಿದ, ನನ್ನ ಅ ಆ ಇ ಈ ಇದ್ದ ಜಾಗಕ್ಕೆ.

"ಬಾವ," ಎಂದಳು ಅಮ್ಮ, ನೆಲ ನೋಡುತ್ತ. "ಆ ಮೇಜಿನ ಮೇಲೆ ಪೂಜೆ ಆಗಿದೆ."

"ಸೆಸಿಲ್, ನಿನಗೆ ಶಾಸ್ತ್ರ ಗೊತ್ತಿಲ್ಲ," ಎಂದು ಬಾಪ್ಪು ನಕ್ಕರು. "ಪವಿತ್ರ ಆಗುದು ಪಾದ್ರಿಗಳು ಚೀಲದಲ್ಲಿ ತಂದು ಇಡ್ತಿದ್ದ ಸಣ್ಣ ಕಲ್ಲು. ಅದನ್ನು ಅವರು ತಕ್ಕೊಂಡು ಹೋದರು. ಉಳಿದದ್ದು ಮರ. ಮರದ ಮೇಲೆ ಇಟ್ಟು ಉಣ್ಣದೆ ನೀವು ಇಷ್ಟು ದಿನ ನೆಲದಲ್ಲಿ ಉಂಡ್ರಲ್ಲ, ಅದು ನಿಮ್ಮ ಬುದ್ಧಿ."

ಸ್ನೇಹಿತರು ನಕ್ಕರು. ಮೇಜೂ ಅಲುಗಾಡಿತು. ಚಕ್ಕೆ ಇಗರ್ಜಿಯಲ್ಲೇ ಬಿದ್ದುಹೋಗಿತ್ತು. ಅದನ್ನು ಅಮ್ಮ ಹುಡುಕಿ ತಂದು ಇಟ್ಟುಕೊಂಡಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು. ಮನೆಗೆ ಬರುವ ದಾರಿಯಲ್ಲಿ ಅವಳು ಅಳಲಿಲ್ಲ. ಅಂದು ಸಂಜೆಯ ತೇರ್ಸ್‌ನಲ್ಲಿ ಒಂದೂ ಬೇಡಿಕೆ ಹೇಳಲಿಲ್ಲ. ಅಪ್ಪ ಹೆದರಿಕೊಂಡರು.

ಆ ಮಳೆಗಾಲದಲ್ಲಿ ಹೊರದೇಶದ ಪಾದ್ರಿಗಳಿಗೆ ವರ್ಗವಾಗಿ ಹೊಸಬರು ಬಂದರು. ಇವರು ನಮ್ಮ ಊರಿನ ಕಡೆಯವರೇ, ಕೊಂಕಣಿ ಮಾತಾಡುವವರು. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ. ಮಾತೆ ಮರಿಯಮ್ಮ ಹುಟ್ಟಿದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ, ಮನೆಗೆ ತಂದು, ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ, ಕುಟುಂಬದವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಅಂದು ಮೀನಿಲ್ಲ, ಮಾಂಸವಿಲ್ಲ. ಜಗಳವಾಡಿದವರೂ ಆ ಊಟಕ್ಕೆ ಹಿರಿಯನ ಮನೆಗೆ ಹೋಗಲೇಬೇಕು. ಬಾಪ್ಪು ಹೊಸ ಪಾದ್ರಿಗಳನ್ನೂ ಕರೆದಿದ್ದರು. ಅಮ್ಮ ಬೆಳಿಗ್ಗೆಯೇ ಬಿಳಿ ಬಟ್ಟೆಯನ್ನು ಎರಡು ಸಲ ಇಸ್ತ್ರಿ ಮಾಡಿದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬಾಪ್ಪುವಿನ ಮನೆಯಲ್ಲಿ ಮೇಜನ್ನು ನಡುವೆ ಎಳೆದು ಕುರ್ಚಿ ಹಾಕಿದ್ದರು. ಅಮ್ಮ ದೊಡ್ಡಮ್ಮನಿಗೆ, ಅಂದರೆ ಬಾಪ್ಪುವಿನ ಹೆಂಡತಿಗೆ, ಮೆಲ್ಲಗೆ ಹೇಳಿದಳು:

"ಅಕ್ಕ, ತೆನೆ ಇಡ್ಲಿಕ್ಕೆ ಒಂದು ಬಟ್ಟೆ ಹಾಸ್ತೇನೆ."

ಹಾಸಿದಳು. ದೊಡ್ಡಮ್ಮ ಪಾಯಸದ ಪಾತ್ರೆ ತಂದಿಟ್ಟ ಕೂಡಲೇ ಮೇಜು ಒಂದು ಕಡೆ ವಾಲಿ ಪಾಯಸ ತುಳುಕಿತು. ಎಲ್ಲರೂ ಯಾವ ಕಾಲು ಯಾವ ಕಾಲು ಎಂದು ಬಗ್ಗಿ ನೋಡುವಷ್ಟರಲ್ಲಿ ಅಮ್ಮ ಸೊಂಟದಿಂದ ಚಕ್ಕೆ ತೆಗೆದು, ನೋಡದೆಯೇ ಕೈ ಹಾಕಿ, ಗಿಡ್ಡ ಕಾಲಿನ ಅಡಿಗೆ ಒತ್ತಿದಳು. ಮೇಜು ಕಲ್ಲಿನ ಹಾಗೆ ನಿಂತಿತು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಪಾದ್ರಿಗಳು.

"ಗೊತ್ತುಂಟು, ಫಾದರ್."

ಆಗ ಬಾಪ್ಪು ಆ ದೊಡ್ಡ ತಪ್ಪು ಮಾಡಿದರು. ಪಾದ್ರಿಗಳ ಮುಂದೆ ದೊಡ್ಡಸ್ತಿಕೆ ತೋರಿಸಬೇಕಲ್ಲ.

"ನಮ್ಮ ಮನೆಯಲ್ಲಿ ತೇರ್ಸ್ ಇಲ್ಲದೆ ಹಬ್ಬದ ಊಟ ಇಲ್ಲ ಫಾದರ್. ಸೆಸಿಲ್, ನೀನೇ ಹೇಳ್ಸು. ಎಲ್ಲ ಬೇಡಿಕೆಗಳನ್ನೂ ಸರಿಯಾಗಿ ಹೇಳು, ಅವಸರ ಬೇಡ."

ಅಮ್ಮ ಅವಸರ ಮಾಡಲಿಲ್ಲ. ಎಲ್ಲರೂ ಮೇಜಿನ ಸುತ್ತ ಮೊಣಕಾಲೂರಿದೆವು. ಜಪಮಾಲೆ ಮುಗಿಯಿತು. ಅಜ್ಜ ಅಜ್ಜಿಯರ ಆತ್ಮಗಳಿಗೆ ಬೇಡಿಕೆ ಆಯಿತು. ಅದೇ ಧ್ವನಿಯಲ್ಲಿ, ಏರಿಸದೆ ಇಳಿಸದೆ, ಅಮ್ಮ ಮುಂದುವರಿಸಿದಳು:

"ಈ ಊರಿನಲ್ಲಿ ಇಗರ್ಜಿ ಇಲ್ಲದಾಗ, ಪೂಜೆಗೆ ಕೋಣೆ ಕೇಳಿದವರಿಗೆ, ರೇಡಿಯೋ ಹಾಳಾಗ್ತದೆ ಎಂದು ಬಾಗಿಲು ಹಾಕಿದವರಿಗಾಗಿ, ಒಂದು ಆಮ್ಚ್ಯಾ ಬಾಪಾ."

ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು. ಅವರು ಶುರುಮಾಡಿದ ಮೇಲೆ ಬಾಪ್ಪುವೂ ಹೇಳಬೇಕಾಯಿತು.

"ತಮ್ಮನ ಮನೆಯ ಮೇಜನ್ನು ತನ್ನ ಮನೆಯದೆಂದು ಇಂಗ್ಲಿಷಿನಲ್ಲಿ ಹೇಳಿದ ನಾಲಿಗೆಗಾಗಿ, ಒಂದು ಆಮ್ಚ್ಯಾ ಬಾಪಾ."

"ಸೆಸಿಲ್, ಸಾಕು," ಎಂದರು ಬಾಪ್ಪು. "ಪಾಯಸ ತಣ್ಣಗಾಗ್ತದೆ."

"ಪ್ರಾರ್ಥನೆ ಮುಗೀಲಿ," ಎಂದರು ಪಾದ್ರಿಗಳು, ಕಣ್ಣು ತೆರೆಯದೆ.

"ಪೂಜೆ ನಡೆದ ಹಲಗೆಯ ಮೇಲೆ ಹಂದಿಯ ಎಲುಬು ಉಗುಳಿದವರ ಹಲ್ಲುಗಳಿಗಾಗಿ, ಒಂದು ಆಮ್ಚ್ಯಾ ಬಾಪಾ. ಈ ದಾರೂಬಂದಿಯಲ್ಲಿ ಇದೇ ಮೇಜಿನ ಅಡಿಯಲ್ಲಿ ಬಾಟ್ಲಿ ಇಡುವವರನ್ನು ಪೊಲೀಸರು ಹಿಡಿಯದ ಹಾಗೆ, ಒಂದು ಆಮ್ಚ್ಯಾ ಬಾಪಾ."

ನನ್ನ ಹಿಂದೆ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಅಪ್ಪನಿರಬೇಕು. ಬಾಪ್ಪುವಿನ ಕಿವಿ ಕೆಂಪಾಗಿ ಹೊಳೆಯುತ್ತಿತ್ತು. ಎದ್ದು ಹೋಗೋಣವೆಂದರೆ ಪಾದ್ರಿಗಳು ಮೊಣಕಾಲ ಮೇಲಿದ್ದಾರೆ. ತನ್ನ ಮೇಲಿನ ದೂರಿಗೆಲ್ಲ ತಾನೇ ಆಮೆನ್ ಹೇಳುತ್ತ ಆ ಮನುಷ್ಯ ಅಲ್ಲೇ ಉಳಿದರು. ಅಷ್ಟು ಸುಖ ನನಗೆ ನನ್ನ ಮದುವೆಯ ದಿನವೂ ಆಗಲಿಲ್ಲ. ಅಮ್ಮ ಕಡೆಯ ಬೇಡಿಕೆಗೆ ಬಂದಳು:

"ಶನಿವಾರ ಶನಿವಾರ ಮೀನಿಲ್ಲದೆ, ಇದೇ ಮೇಜಿನ ಅಡಿಯಲ್ಲಿ ಮಲಗಿದ ನನ್ನ ಎರಡು ಮಕ್ಕಳಿಗಾಗಿ."

ಆ ಶನಿವಾರಗಳ ಲೆಕ್ಕವನ್ನು ಅವಳೂ ಇಟ್ಟಿದ್ದಳೆಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ಬೆಸಾಂವ್. ಮಕ್ಕಳಲ್ಲಿ ದೊಡ್ಡವಳಾದ ನನ್ನನ್ನು ಮುಂದೆ ತಳ್ಳಿದರು. ಮೊದಲು ಪಾದ್ರಿಗಳ ಮುಂದೆ ಕೈ ಮುಗಿದೆ. ಅವರ ಪಕ್ಕದಲ್ಲಿ ಬಾಪ್ಪು ಆಶೀರ್ವಾದಕ್ಕೆ ಆಗಲೇ ಕೈ ಎತ್ತಿದ್ದರು. ನಾನು ಅವರನ್ನು ದಾಟಿ ನೇರ ಅಮ್ಮನ ಮುಂದೆ ನಿಂತು, "ಬೆಸಾಂವ್ ದೀ ಮಾಂಯ್" ಎಂದೆ. ನನ್ನ ಹಿಂದೆ ತಮ್ಮ ಬಂದ. ಅವನ ಹಿಂದೆ, ಮುಂದಿನವರನ್ನು ನೋಡಿ ನಡೆಯುವ ಮಕ್ಕಳ ಗುಣದಿಂದ, ಬಾಪ್ಪುವಿನ ಸ್ವಂತ ಮಕ್ಕಳೂ ಬಂದರು. ಬಾಪ್ಪುವಿನ ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಕಡೆಗೆ ಅವರು ಅದರಿಂದ ತಲೆ ಕೆರೆದುಕೊಂಡರು.

ಪಾದ್ರಿಗಳು ಎದ್ದರು. ಪೂಜೆಯ ಮೊದಲಿಗೆ ಬಲಿಪೀಠಕ್ಕೆ ಮಾಡುವ ಹಾಗೆ ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ಆ ಬಿಳಿ ಬಟ್ಟೆಗೆ ಮುತ್ತಿಟ್ಟರು. ಆಮೇಲೆ ಕುರ್ಚಿಯನ್ನು ಬದಿಗೆ ಸರಿಸಿ ನೆಲದಲ್ಲಿ ಚಕ್ಕಳಮಕ್ಕಳ ಕೂತರು.

"ಊಟ ಇಲ್ಲಿ ಬಡಿಸಿ ಬಾಯಮ್ಮ," ಎಂದರು ದೊಡ್ಡಮ್ಮನಿಗೆ.

ಅಂದು ಬಾಪ್ಪು ತನ್ನ ಮನೆಯಲ್ಲೇ ನೆಲದ ಮೇಲೆ ಉಂಡರು. ದಪ್ಪ ಹೊಟ್ಟೆಯಿಂದಾಗಿ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ, ಪಾಯಸ ಅಂಗಿಯ ಮೇಲೆ ಬಿತ್ತು. ಮರುದಿನ ಬೆಳಿಗ್ಗೆ ಅಪ್ಪ ಮೂರು ಜನರನ್ನು ಕರೆದುಕೊಂಡು ಹೋಗಿ ಮೇಜನ್ನು ಹಗಲು ಬೆಳಕಿನಲ್ಲಿ, ಇಡೀ ಚಾಳ್ ನೋಡುವ ಹಾಗೆ, ಹೊತ್ತು ತಂದರು. ನನ್ನ ಅಕ್ಷರಗಳು ಅಡಿಯಲ್ಲಿ ಹಾಗೇ ಇದ್ದವು. ಎಷ್ಟೋ ವರ್ಷ ಚಾಳಿನ ಹುಡುಗರು ಬಾಪ್ಪುವನ್ನು ಕಂಡರೆ "ರೇಡಿಯೋ ಹೇಗುಂಟು?" ಎಂದು ಕೇಳಿ ಓಡುತ್ತಿದ್ದರು. ಅವರು ತೀರಿಕೊಂಡಾಗ ಹೆಣದ ಮುಂದೆ ತೇರ್ಸ್ ಹೇಳಿಸಲು ಬೇರೆ ಯಾರಿಗೂ ಬಾಯಿಪಾಠ ಇರಲಿಲ್ಲ. ದೊಡ್ಡಮ್ಮ ಅಮ್ಮನ ಕೈ ಹಿಡಿದು, "ಸೆಸಿಲ್, ನೀನೇ ಹೇಳ್ಸು, ಆದರೆ ಬೇಡಿಕೆ ಬೇಡ" ಎಂದಳು. ಅಮ್ಮ ಒಪ್ಪಿದಳು. ಅವಳು ನನಗಿಂತ ಒಳ್ಳೆಯವಳು.

ಗೋಡೆಯ ಕಲ್ಲು ಮಾತ್ರ ಹಾಗೇ ಉಳಿಯಿತು. ತೆಗೆಸುತ್ತೇನೆ ಎಂದಿದ್ದ ಪಾದ್ರಿಗಳಿಗೆ ವರ್ಗವಾಯಿತು. ಇಗರ್ಜಿ ಕೆಡವಿ ಹೊಸದು ಕಟ್ಟುವಾಗಲೂ ಅದನ್ನು ಜೋಪಾನವಾಗಿ ತೆಗೆದು ಮತ್ತೆ ಅಂಟಿಸಿದರು. ಅಮ್ಮನ ಹೆಸರು ಅವಳ ಗೋರಿಯ ಶಿಲುಬೆಯ ಮೇಲೆ ಇತ್ತು. ಹೂಳಲು ಜಾಗ ಸಾಲದೆ ಆ ಗೋರಿಯನ್ನು ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ನೀವು ಮೊಬೈಲ್ ಇಟ್ಟರೆ, ಚಾ ಕಪ್ ಇಟ್ಟರೆ ನಾನು ಬೈಯುತ್ತೇನಲ್ಲ, ಆ ಮೇಜೇ ಇದು. ಅಜ್ಜಿಗೆ ಹುಚ್ಚು ಎಂದು ನಿಮ್ಮೊಳಗೆ ಹಿಂದಿಯಲ್ಲಿ ಹೇಳಿಕೊಳ್ಳುವುದೂ ನನಗೆ ಕೇಳಿಸುತ್ತದೆ.

ಈಗಿನ ಪಾದ್ರಿಗಳು ಹುಡುಗ, ಒಳ್ಳೆಯವರು. ಪಾಪನಿವೇದನೆಗೆ ಹೋದಾಗ, "ಎಲ್ಲರನ್ನೂ ಕ್ಷಮಿಸಿದ್ದೀರಲ್ಲ ಅಜ್ಜಿ?" ಎಂದು ಕೇಳುತ್ತಾರೆ. ಪಾಸ್ಕಲ್ ಬಾಪ್ಪುವಿಗಾಗಿ ದಿನಾ ಸಂಜೆ ಒಂದು ಆಮ್ಚ್ಯಾ ಬಾಪಾ ಹೇಳುತ್ತೇನೆ ಎಂದು ನಾನು ಹೇಳುತ್ತೇನೆ. ಅವರಿಗೆ ಬಹಳ ಸಂತೋಷವಾಗುತ್ತದೆ. ಯಾವ ಮಾತಿನಲ್ಲಿ ಬೇಡಿಕೊಳ್ಳುತ್ತೇನೆಂದು ಅವರು ಕೇಳಿಲ್ಲ. ನಿಮಗೆ ಹೇಳುತ್ತೇನೆ, ಯಾಕೆಂದರೆ ನಾನು ಹೋದ ಮೇಲೆ ಇದನ್ನು ನೀವು ಹೇಳಬೇಕು, ಈ ಮೇಜಿನ ಮುಂದೆ ಮೊಣಕಾಲೂರಿ, ಒಂದು ಮಾತೂ ಬದಲಿಸದೆ: "ಸೆಸಿಲಳ ಮನೆಯ ಪೂಜೆಯನ್ನು ಕದ್ದು ಕಲ್ಲಿನ ಮೇಲೆ ತನ್ನ ಹೆಸರು ಬರೆಸಿಕೊಂಡ ಪಾಸ್ಕಲನ ಆತ್ಮಕ್ಕಾಗಿ." ಆಮೇಲೆ ಪ್ರಾರ್ಥನೆ ಪೂರ್ತಿ ಹೇಳಿ. ಆಮೆನ್ ಸ್ವಲ್ಪ ಗಟ್ಟಿಯಾಗಿ ಹೇಳಿ.